ಶಿಕಾಗೋದಲ್ಲಿ ಟೀಚರ್‌ಗಳ ಮುಷ್ಕರ ಬರುತ್ತದಾ? ಅಪ್ಪ-ಅಮ್ಮಂದಿರು ತಾವೇ ಲೆಕ್ಕ ಹಾಕುವ ಬಗೆ

ಶಿಕಾಗೋದ ಸರ್ಕಾರಿ ಶಾಲೆಗಳಿಗೂ ಟೀಚರ್‌ಗಳ ಯೂನಿಯನ್ನಿಗೂ ಒಪ್ಪಂದದ ಜಗಳ ಶುರುವಾದರೆ ಸಾಕು, ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: "ಸೋಮವಾರ ಸ್ಕೂಲ್ ಇದೆಯಾ?" ಉತ್ತರ ಕೊಡುವವರು ಬೇಕಾದಷ್ಟು ಜನ. ಒಬ್ಬರ ಮಾತು ಇನ್ನೊಬ್ಬರಿಗೆ ತಾಳೆಯಾಗುವುದಿಲ್ಲ, ಅಷ್ಟೇ.

ನಾನು ಅಕೌಂಟೆಂಟ್. ಕಾಗದ ಓದುವುದು, ಅದರಲ್ಲಿ ಬರೆಯದೇ ಬಿಟ್ಟದ್ದು ಏನು ಅಂತ ಹುಡುಕುವುದು ನನ್ನ ದಿನನಿತ್ಯದ ಕೆಲಸ. ಇಬ್ಬರು ಮಕ್ಕಳೂ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಓದುತ್ತಾರೆ. ನನ್ನ ಒಲವು ಟೀಚರ್‌ಗಳ ಕಡೆಗೇ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯೂನಿಯನ್ನಿನ ಪೋಸ್ಟರನ್ನೂ ಬೋರ್ಡಿನ ಪತ್ರಿಕಾ ಹೇಳಿಕೆಯನ್ನೂ ಒಂದೇ ಅನುಮಾನದಿಂದ ಓದುತ್ತೇನೆ. ಯಾಕೆಂದರೆ ಈ ಜಗಳದ ಬಹುಪಾಲು ಉತ್ತರಗಳು ಭಾಷಣದಲ್ಲಿಲ್ಲ. ಒಂದು ಕಾನೂನಿನಲ್ಲಿ, ಒಂದು ಕ್ಯಾಲೆಂಡರಿನಲ್ಲಿ, ಒಂದು ದಪ್ಪ ಒಪ್ಪಂದದಲ್ಲಿ ಇವೆ. ಮೂರೂ ಸಾರ್ವಜನಿಕ ಕಾಗದಗಳೇ.

ಮೊದಲು, ಇದು ನಿಮ್ಮ ಜಗಳವಾ ಅಂತ ನೋಡಿ

ನೇಪರ್‌ವಿಲ್, ಶಾಂಬರ್ಗ್‌ನಂಥ ನಗರದ ಹೊರಗಿನ ಊರುಗಳಲ್ಲಿ ಇರುವವರು ಟಿವಿಯಲ್ಲಿ "ಶಿಕಾಗೋ ಮುಷ್ಕರ" ಅಂತ ಬಂದ ಕೂಡಲೇ ಗಾಬರಿಯಾಗುತ್ತಾರೆ. ಬೇಕಾಗಿಲ್ಲ. ಅಲ್ಲಿನ ಶಾಲೆಗಳು ಬೇರೆ ಡಿಸ್ಟ್ರಿಕ್ಟ್, ಯೂನಿಯನ್ ಬೇರೆ, ಒಪ್ಪಂದವೂ ಬೇರೆ. ನಗರದೊಳಗೇ ಇದ್ದರೂ ಮಗು ಚಾರ್ಟರ್ ಶಾಲೆಯಲ್ಲಿದ್ದರೆ (ಸರ್ಕಾರದ ದುಡ್ಡಿನಲ್ಲಿ ಬೇರೆ ಸಂಸ್ಥೆ ನಡೆಸುವ ಶಾಲೆ) ಲೆಕ್ಕ ಬೇರೆಯೇ. ಚಾರ್ಟರ್ ಟೀಚರ್‌ಗಳಲ್ಲಿ ಕೆಲವರು ಇದೇ ಯೂನಿಯನ್ನಿಗೆ ಸೇರಿದ್ದರೂ ಅವರ ಒಪ್ಪಂದ ಪ್ರತ್ಯೇಕ. 2018ರ ಡಿಸೆಂಬರಿನಲ್ಲಿ ಅಸೆರೋ ಎಂಬ ಚಾರ್ಟರ್ ಶಾಲೆಗಳ ಟೀಚರ್‌ಗಳು ತಮ್ಮದೇ ಮುಷ್ಕರ ಹೂಡಿದ್ದರು. ದೇಶದಲ್ಲಿ ಚಾರ್ಟರ್ ಶಾಲೆಗಳ ಮೊದಲ ಮುಷ್ಕರ ಅದು.

ಉಳಿದವರಿಗೆ ಮಾತುಕತೆಯ ಮೇಜಿನ ಈ ಬದಿಯಲ್ಲಿ ಶಿಕಾಗೋ ಟೀಚರ್ಸ್ ಯೂನಿಯನ್. ಇದರಲ್ಲಿ ಕ್ಲಾಸ್ ಟೀಚರ್‌ಗಳಷ್ಟೇ ಅಲ್ಲ, ನರ್ಸ್, ಸೋಷಿಯಲ್ ವರ್ಕರ್, ಕೌನ್ಸೆಲರ್, ಸ್ಪೀಚ್ ಥೆರಪಿಸ್ಟ್ ಎಲ್ಲರೂ ಇದ್ದಾರೆ. ಆ ಬದಿಯಲ್ಲಿ ಬೋರ್ಡ್ ಆಫ್ ಎಜುಕೇಷನ್. ಮೇಯರ್ ಎಲ್ಲಿ ಕೂರುತ್ತಾರೆ ಅಂದರೆ, 1995ರಿಂದ ಶಾಲೆಗಳ ಹಿಡಿತ ಮೇಯರ್ ಕೈಯಲ್ಲಿತ್ತು, ಬೋರ್ಡಿನವರನ್ನೆಲ್ಲ ಅವರೇ ನೇಮಿಸುತ್ತಿದ್ದರು. ಈಗ ಅದು ಬದಲಾಗುತ್ತಿದೆ. 2024ರ ನವೆಂಬರಿನಲ್ಲಿ ಮತದಾರರು 10 ಜನರನ್ನು ಆರಿಸಿದರು, 11 ಜನರನ್ನು ಮೇಯರ್ ನೇಮಿಸಿದರು. 2027ರ ಜನವರಿಯಿಂದ 21 ಜನರೂ ಆಯ್ಕೆಯಾಗಿ ಬಂದವರೇ ಇರುತ್ತಾರೆ. ಈ ಚುನಾವಣೆಗೆ ಯೂನಿಯನ್ನೂ ದುಡ್ಡು ಸುರಿಯುತ್ತದೆ, ಚಾರ್ಟರ್ ಪರ ಇರುವವರೂ ಸುರಿಯುತ್ತಾರೆ. ಹಾಗಾಗಿ ಮೇಜಿನ ಎದುರು ಕೂತವರೆಲ್ಲ ನಿಜವಾಗಿ ಎದುರಾಳಿಗಳೇ ಅಂತ ಅಂದುಕೊಳ್ಳಬೇಡಿ.

ಹಾಗಂತ ಗೆಳೆಯರು ಎದುರು ಬದುರು ಕೂತರೆ ಬೇಗ ಮುಗಿಯುತ್ತದೆ ಅನ್ನುವುದೂ ಸುಳ್ಳು. ಮೇಯರ್ ಬ್ರ್ಯಾಂಡನ್ ಜಾನ್ಸನ್ ಇದೇ ಯೂನಿಯನ್ನಿನಲ್ಲಿ ಸಂಘಟಕರಾಗಿದ್ದವರು. ಆದರೂ 2024ರ ಜೂನ್ 30ಕ್ಕೆ ಮುಗಿದ ಒಪ್ಪಂದ ಮತ್ತೆ ಆಗಲು 2025ರ ಏಪ್ರಿಲ್ ಬಂತು. ನಡುವೆ, ಅಕ್ಟೋಬರಿನಲ್ಲಿ, ಮೇಯರ್ ನೇಮಿಸಿದ್ದ ಇಡೀ ಬೋರ್ಡ್ ರಾಜೀನಾಮೆ ಕೊಟ್ಟಿತು. ಸುಮಾರು 30 ಕೋಟಿ ಡಾಲರ್ ಸಾಲ ಎತ್ತುವ ಮೇಯರ್ ಯೋಜನೆಯನ್ನು ಶಾಲೆಗಳ ಸಿಇಒ ಪೆಡ್ರೋ ಮಾರ್ಟಿನೆಜ್ ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಹೊಸ ಬೋರ್ಡ್ ಅವರನ್ನು ತೆಗೆಯಿತು. ಅವರು ಕೋರ್ಟಿಗೆ ಹೋಗಿ, ತಮ್ಮ ಒಪ್ಪಿಗೆ ಇಲ್ಲದೆ ಬೋರ್ಡಿನವರು ಮಾತುಕತೆಗೆ ಬರಬಾರದು ಅಂತ ತಾತ್ಕಾಲಿಕ ಆದೇಶವನ್ನೇ ತಂದರು. ಮಾತುಕತೆಗೆ ಯಾರು ಕೂರಬೇಕು ಅನ್ನುವುದೇ ಒಂದು ಜಗಳವಾಯಿತು.

ಮುಷ್ಕರದ ಗಡಿಯಾರ

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಇಲಿನಾಯ್ ರಾಜ್ಯದಲ್ಲಿ ಟೀಚರ್‌ಗಳು ಮುಷ್ಕರ ಮಾಡುವುದು ಕಾನೂನುಬದ್ಧ. ನ್ಯೂಯಾರ್ಕಿನಲ್ಲಿ ಹಾಗಲ್ಲ, ಅಲ್ಲಿ 1967ರ ಟೇಲರ್ ಕಾಯ್ದೆ ಸರ್ಕಾರಿ ನೌಕರರ ಮುಷ್ಕರವನ್ನು ನಿಷೇಧಿಸಿದೆ. ಆದರೆ ಇಲ್ಲಿ ಹಕ್ಕು ಇದೆ ಅಂದಮಾತ್ರಕ್ಕೆ ಇವತ್ತು ಸಿಟ್ಟು ಬಂದು ನಾಳೆ ಬೀದಿಗಿಳಿಯಲು ಆಗುವುದಿಲ್ಲ. ಶಿಕಾಗೋಗೆ ಅಂತಲೇ ಕಾನೂನು ಮೆಟ್ಟಿಲುಗಳನ್ನು ಇಟ್ಟಿದೆ.

ಮಾತುಕತೆ ಮುರಿದರೆ ವಿಷಯ ಫ್ಯಾಕ್ಟ್ ಫೈಂಡಿಂಗ್ ಸಮಿತಿಗೆ, ಅಂದರೆ ಎರಡೂ ಕಡೆಯ ವಾದ ಕೇಳಿ ಪರಿಹಾರ ಸೂಚಿಸುವ ಸಮಿತಿಗೆ, ಹೋಗುತ್ತದೆ. ಯೂನಿಯನ್ ಕಡೆಯ ಒಬ್ಬರು, ಬೋರ್ಡ್ ಕಡೆಯ ಒಬ್ಬರು, ಮಧ್ಯೆ ಯಾರ ಕಡೆಯೂ ಅಲ್ಲದ ಒಬ್ಬರು. ಅವರ ವರದಿ ಬಂದ ಮೇಲೆ ಒಪ್ಪುವುದಕ್ಕೋ ತಿರಸ್ಕರಿಸುವುದಕ್ಕೋ 15 ದಿನ ಇರುತ್ತದೆ. ಯಾರಾದರೂ ಒಬ್ಬರು ತಿರಸ್ಕರಿಸಿದರೆ ವರದಿ ಬಹಿರಂಗವಾಗುತ್ತದೆ. ಹಾಗೆ ಬಹಿರಂಗವಾಗಿ 30 ದಿನ ಕಳೆಯುವವರೆಗೆ ಮುಷ್ಕರ ಮಾಡುವಂತಿಲ್ಲ. ಅದರ ಜೊತೆಗೆ ಕನಿಷ್ಠ 10 ದಿನ ಮೊದಲು ಯೂನಿಯನ್ ಲಿಖಿತ ನೋಟಿಸ್ ಕೊಡಬೇಕು.

ಇಷ್ಟೇ ಅಲ್ಲ, ಮತವೂ ಆಗಬೇಕು. 2011ರ ಕಾನೂನಿನ ಪ್ರಕಾರ ಶಿಕಾಗೋದಲ್ಲಿ ಯೂನಿಯನ್ ಸದಸ್ಯರಲ್ಲಿ ಶೇ. 75ರಷ್ಟು ಜನ ಹೂಂ ಅನ್ನಬೇಕು. ಮತ ಹಾಕಿದವರಲ್ಲಿ ಅಲ್ಲ, ಒಟ್ಟು ಸದಸ್ಯರಲ್ಲಿ. ಮತ ಹಾಕದೆ ಮನೆಯಲ್ಲಿ ಕೂತವರೂ "ಮುಷ್ಕರ ಬೇಡ" ಅಂದಂತೆಯೇ ಲೆಕ್ಕ. ಇಷ್ಟು ಜನ ಒಪ್ಪುವುದು ಆಗದ ಮಾತು ಅಂತ ಈ ನಿಯಮಕ್ಕಾಗಿ ಓಡಾಡಿದವರು ಲೆಕ್ಕ ಹಾಕಿದ್ದರು. ಮರುವರ್ಷವೇ ಯೂನಿಯನ್ನಿನ ಆಗಿನ ಅಧ್ಯಕ್ಷೆ ಕ್ಯಾರೆನ್ ಲೂಯಿಸ್ ನಾಯಕತ್ವದಲ್ಲಿ ಶೇ. 90ರ ಹತ್ತಿರ ಮತ ಬಿತ್ತು. 1987ರ ನಂತರ ಮೊದಲ ಸಲ ಶಾಲೆಗಳು ನಿಂತವು.

ಹಾಗಾಗಿ ಸುದ್ದಿಯಲ್ಲಿ ನೀವು ಹುಡುಕಬೇಕಾದ್ದು ಮೂರೇ: ವರದಿ ಯಾವತ್ತು ಬಹಿರಂಗವಾಯಿತು, ಮತ ಆಯಿತಾ, ನೋಟಿಸ್ ಹೋಯಿತಾ. ವರದಿಯ ದಿನದಿಂದ ಕ್ಯಾಲೆಂಡರಿನಲ್ಲಿ 30 ದಿನ ಎಣಿಸಿ ಗೆರೆ ಎಳೆಯಿರಿ. ಆ ಗೆರೆಯ ಈಚೆಗೆ ಯಾರು ಏನೇ ಹೇಳಿದರೂ ತಲೆ ಕೆಡಿಸಿಕೊಳ್ಳಬೇಡಿ. ಮತ ಗೆದ್ದಿತು ಅಂದರೂ ಮುಷ್ಕರ ನಾಳೆ ಅಲ್ಲ. 2019ರಲ್ಲಿ ಮತ ಎಣಿಸಿದ್ದು ಸೆಪ್ಟೆಂಬರ್ 26ಕ್ಕೆ, ತಾರೀಕು ಗೊತ್ತುಮಾಡಿದ್ದು ಅಕ್ಟೋಬರ್ 2ಕ್ಕೆ, ಟೀಚರ್‌ಗಳು ಹೊರಬಂದದ್ದು ಅಕ್ಟೋಬರ್ 17ಕ್ಕೆ. ಮಗುವನ್ನು ನೋಡಿಕೊಳ್ಳುವವರನ್ನು ಹುಡುಕಲು ಎರಡು ವಾರ ಸಿಕ್ಕಿತ್ತು. 2012ರಲ್ಲಿ ನೋಟಿಸ್ ಆಗಸ್ಟ್ 29ಕ್ಕೆ, ಮುಷ್ಕರ ಸೆಪ್ಟೆಂಬರ್ 10ಕ್ಕೆ. 2025ರಲ್ಲಿ ಫೆಬ್ರವರಿಯಲ್ಲಿ ವರದಿ ಬಂತು, ಯೂನಿಯನ್ ತಿರಸ್ಕರಿಸಿತು, ಆದರೆ ಮತವೂ ಇಲ್ಲ, ನೋಟಿಸೂ ಇಲ್ಲ. ಆಗ ಗುಂಪಿನಲ್ಲಿ "ಮುಂದಿನ ವಾರ ಪಕ್ಕಾ" ಅಂತ ಬರೆದವರು ಸುಮ್ನೆ ಬರೆದರು.

ಈ ಗಡಿಯಾರದ ಹೊರಗೆ ನಡೆದದ್ದೂ ಇದೆ. 2016ರ ಏಪ್ರಿಲ್ 1ರಂದು ಒಂದು ದಿನದ ಮುಷ್ಕರವಾಯಿತು, ಅದು ಕಾನೂನಿಗೆ ಸರಿಯಾ ಅಂತಲೇ ಜಗಳವಾಯಿತು. 2022ರ ಜನವರಿಯಲ್ಲಿ ಕೋವಿಡ್ ಏರಿದಾಗ ಯೂನಿಯನ್ ಸದಸ್ಯರು ಮನೆಯಿಂದಲೇ ಪಾಠ ಮಾಡುತ್ತೇವೆ ಅಂತ ಮತ ಹಾಕಿದರು, ಆಡಳಿತ ಕ್ಲಾಸುಗಳನ್ನೇ ರದ್ದು ಮಾಡಿತು. ಐದು ದಿನ ಶಾಲೆ ಇಲ್ಲ. ರಾತ್ರಿ ಹೊತ್ತಿಗೆ ಗೊತ್ತಾಯಿತು, ಬೆಳಿಗ್ಗೆ ರಜೆ. ಅಂಥದ್ದಕ್ಕೆ ಯಾವ ಲೆಕ್ಕವೂ ನಡೆಯುವುದಿಲ್ಲ.

ಸಂಬಳದ ಶೇಕಡಾ ಓದುವುದು

"ಶೇ. 16 ಕೊಡುತ್ತೇವೆ ಅಂದರೂ ಬೇಡ ಅನ್ನುತ್ತಾರಲ್ಲ, ನಮಗೆ ಯಾರು ಕೊಡುತ್ತಾರೆ?" 2019ರಲ್ಲಿ ನಮ್ಮ ಐಟಿ ಮಂದಿಯ ಬಾಯಲ್ಲಿ ಇದೇ ಮಾತು. ಆ ಶೇ. 16 ಒಂದು ವರ್ಷಕ್ಕಲ್ಲ, ಐದು ವರ್ಷಕ್ಕೆ. ಮೂರು ವರ್ಷ ಶೇ. 3, ಎರಡು ವರ್ಷ ಶೇ. 3.5. ಸುಮ್ನೆ ಕೂಡಿದರೆ 16. ಮೇಲೆ ಮೇಲೆ ಏರುವುದರಿಂದ ನಿಜವಾದ ಏರಿಕೆ ಶೇ. 17ರ ಸ್ವಲ್ಪ ಮೇಲೆ. 70,000 ಡಾಲರ್ ಸಂಬಳ ಐದನೇ ವರ್ಷಕ್ಕೆ 82,000ದ ಹತ್ತಿರ ಬರುತ್ತದೆ. ಇದಕ್ಕೆ ಆ ವರ್ಷಗಳ ಬೆಲೆ ಏರಿಕೆಯನ್ನು ಎದುರಿಟ್ಟು ನೋಡಿ. 2021, 2022ರಲ್ಲಿ ದಿನಸಿ ಬಿಲ್ಲು ಏನಾಯಿತು ಅಂತ ನಿಮಗೇ ಗೊತ್ತಲ್ವಾ?

ಇನ್ನೊಂದು ಬದಿಯೂ ಇದೆ, ಅದನ್ನು ಯೂನಿಯನ್ನಿನ ಪೋಸ್ಟರ್ ಹೇಳುವುದಿಲ್ಲ. ಈ ಶೇಕಡಾ ಏರಿಕೆ ಬೇರೆ, ಸಂಬಳದ ಕೋಷ್ಟಕದಲ್ಲಿ ಮೇಲೇರುವುದು ಬೇರೆ. ಕೋಷ್ಟಕದಲ್ಲಿ ಕೆಳಗಿಳಿಯುತ್ತಾ ಹೋದರೆ ಅನುಭವದ ವರ್ಷಗಳು, ಅವಕ್ಕೆ ಸ್ಟೆಪ್ ಅನ್ನುತ್ತಾರೆ. ಅಡ್ಡಕ್ಕೆ ಹೋದರೆ ಓದಿನ ಡಿಗ್ರಿಗಳು, ಅವು ಲೇನ್. ಮಾಸ್ಟರ್ಸ್ ಮುಗಿಸಿದ ಟೀಚರ್ ಲೇನ್ ಬದಲಿಸುತ್ತಾರೆ. ಹೊಸಬರಿಗೆ ಸ್ಟೆಪ್ಪಿನಿಂದ ಜಾಸ್ತಿ ಸಿಗುತ್ತದೆ. ಹಳಬರು ಕೋಷ್ಟಕದ ತುದಿಯ ಹತ್ತಿರ ಬಂದಾಗ ಮೆಟ್ಟಿಲುಗಳು ಚಿಕ್ಕವಾಗುತ್ತವೆ, ಆಗ ಅವರಿಗೆ ಉಳಿಯುವುದು ಆ ಶೇಕಡಾ ಏರಿಕೆ ಮಾತ್ರ. 2025ರಲ್ಲಿ ಹಿರಿಯ ಟೀಚರ್‌ಗಳ ಸ್ಟೆಪ್ ಬಗ್ಗೆ ಕೊನೆಯವರೆಗೆ ಎಳೆದಾಡಿದ್ದು ಇದಕ್ಕೇ. ಹಾಗಾಗಿ ಯಾರಾದರೂ ಸರಾಸರಿ ಸಂಬಳ ಹೇಳಿದರೆ ಅದರಿಂದ ನಿಮ್ಮ ಮಗಳ ಟೀಚರ್ ಎಷ್ಟು ದುಡಿಯುತ್ತಾರೆ ಅಂತ ಊಹಿಸಬೇಡಿ. ಕೋಷ್ಟಕ ಒಪ್ಪಂದದ ಕೊನೆಯಲ್ಲಿ ಅಚ್ಚಾಗಿದೆ, ತೆಗೆದು ನೋಡಿ.

ಪೆನ್ಷನ್ ಮಾತು ಬಂದಾಗ ಎರಡು ವಿಷಯ ನೆನಪಿರಲಿ. ಶಿಕಾಗೋ ಟೀಚರ್‌ಗಳು ಈ ಕೆಲಸದ ಮೇಲೆ ಸೋಷಿಯಲ್ ಸೆಕ್ಯೂರಿಟಿಗೆ (ಅಮೆರಿಕ ಸರ್ಕಾರದ ಮುಪ್ಪಿನ ಭತ್ಯೆಗೆ) ಸೇರಿಲ್ಲ, ಮುಪ್ಪಿಗೆ ಅವರಿಗಿರುವುದು ಈ ಪೆನ್ಷನ್ನೇ. ಟೀಚರ್ ಕಟ್ಟಬೇಕಾದ್ದು ಸಂಬಳದ ಶೇ. 9. ಅದರಲ್ಲಿ 7ನ್ನು ಬಹುಕಾಲದಿಂದ ಬೋರ್ಡೇ ಕಟ್ಟುತ್ತಿತ್ತು. 2016ರ ಒಪ್ಪಂದದಲ್ಲಿ ಹಳಬರಿಗೆ ಅದು ಉಳಿಯಿತು, 2017ರಿಂದ ಸೇರಿದವರಿಗೆ ಹೋಯಿತು. ಅಕ್ಕಪಕ್ಕದ ಕ್ಲಾಸಿನ ಇಬ್ಬರು ಟೀಚರ್‌ಗಳ ಕೈಗೆ ಬರುವ ಹಣದಲ್ಲಿ ವ್ಯತ್ಯಾಸ ಕಂಡರೆ ಇದೂ ಒಂದು ಕಾರಣ ಇರಬಹುದು.

ಒಪ್ಪಂದದ ಒಟ್ಟು ಖರ್ಚು ಅಂತ ದೊಡ್ಡ ಅಂಕಿ ಕಿವಿಗೆ ಬಿದ್ದಾಗ ಎಷ್ಟು ವರ್ಷಕ್ಕೆ ಅಂತ ಕೇಳಿ. 2025ರ ಒಪ್ಪಂದಕ್ಕೆ ಸುಮಾರು 150 ಕೋಟಿ ಡಾಲರ್ ಅಂದರು. ಅದು ನಾಲ್ಕು ವರ್ಷಕ್ಕೆ. ಈ ಶಾಲಾ ವ್ಯವಸ್ಥೆಯ ಒಂದು ವರ್ಷದ ಬಜೆಟ್ಟೇ ಸುಮಾರು ಸಾವಿರ ಕೋಟಿ ಡಾಲರ್. ಚಿಕ್ಕ ಖರ್ಚು ಅಂತ ನಾನು ಹೇಳುತ್ತಿಲ್ಲ. ಬೋರ್ಡಿನ ಬೊಕ್ಕಸದಲ್ಲಿ ತೂತು ಇರುವುದು ನಿಜ. ಆದರೆ ಅಂಕಿಯ ಪಕ್ಕ ವರ್ಷ ಇಲ್ಲದಿದ್ದರೆ ಅದು ಅಂಕಿಯೇ ಅಲ್ಲ.

ಸಂಬಳ ಬಿಟ್ಟು ಉಳಿದದ್ದು

ಕರ್ನಾಟಕದಲ್ಲಿ ಸರ್ಕಾರಿ ಟೀಚರ್ ಸಂಬಳ ಅಂದರೆ ವೇತನ ಆಯೋಗ. ಇಲ್ಲಿ ಸಂಬಳದ ಜೊತೆ ಒಂದು ಕ್ಲಾಸಿಗೆ ಎಷ್ಟು ಮಕ್ಕಳು, ಟೀಚರಿಗೆ ಪಾಠದ ತಯಾರಿಗೆ ಎಷ್ಟು ನಿಮಿಷ, ಶಾಲೆಗೆ ನರ್ಸ್ ಇರುತ್ತಾರಾ, ಎಲ್ಲವೂ ಒಪ್ಪಂದದ ಮೇಜಿಗೆ ಬರುತ್ತದೆ. ಮೊದಲು ಹಾಗಿರಲಿಲ್ಲ. 1995ರ ಕಾನೂನು ಶಿಕಾಗೋದಲ್ಲಿ ಕ್ಲಾಸಿನ ಗಾತ್ರದಂಥ ವಿಷಯಗಳನ್ನು ಮೇಜಿಗೇ ತರುವಂತಿಲ್ಲ ಅಂತ ಮಾಡಿತ್ತು. 2003ರ ತಿದ್ದುಪಡಿಯ ಮೇಲೆ ಬೋರ್ಡ್ ಇಷ್ಟಪಟ್ಟರೆ ಮಾತ್ರ ಚರ್ಚಿಸಬಹುದಿತ್ತು, ಅವುಗಳಿಗಾಗಿ ಮುಷ್ಕರ ಮಾಡುವಂತಿರಲಿಲ್ಲ. ಅದಕ್ಕೇ 2012ರಲ್ಲಿ ಮೇಯರ್ ರಾಮ್ ಇಮ್ಯಾನುಯೆಲ್ ಈ ಮುಷ್ಕರವೇ ಕಾನೂನುಬಾಹಿರ ಅಂತ ಕೋರ್ಟಿಗೆ ಹೋದರು. ಆ ಕಟ್ಟು 2021ರಲ್ಲಿ ರದ್ದಾಯಿತು. ಈಗ ಬೇಡಿಕೆಗಳ ಪಟ್ಟಿ ಉದ್ದವಾಗಿರುತ್ತದೆ. ನೂರಾರು ಬೇಡಿಕೆ ನೋಡಿ ನಗಬೇಡಿ, ಅದರಲ್ಲಿ ಅರ್ಧ ಬಿಟ್ಟುಕೊಡಲಿಕ್ಕೇ ಇಟ್ಟದ್ದು ಅಂತ ನನ್ನ ಅನಿಸಿಕೆ.

ಇಂಥ ಬೇಡಿಕೆ ಗೆದ್ದರು ಅಂತ ಕೇಳಿದಾಗ ನಾನು ಆಡಿಟ್ ಮಾಡುವಂತೆ ನೋಡುತ್ತೇನೆ. ಅಂಕಿ ಇದೆಯಾ? ತಾರೀಕು ಇದೆಯಾ? ಮಾಡದಿದ್ದರೆ ಏನು ಅಂತ ಬರೆದಿದೆಯಾ? 2019ರಲ್ಲಿ ಪ್ರತಿ ಶಾಲೆಗೂ ನರ್ಸ್ ಮತ್ತು ಸೋಷಿಯಲ್ ವರ್ಕರ್ ಅಂತ ಬರೆಸಿಕೊಂಡರು, ಆದರೆ ಅದು ಹಂತ ಹಂತವಾಗಿ, ಐದು ವರ್ಷದ ಒಪ್ಪಂದದ ಕೊನೆಯ ವರ್ಷಕ್ಕೆ. ಕ್ಲಾಸಿನ ಗಾತ್ರ ಇಳಿಸಲು ವರ್ಷಕ್ಕೆ 3.5 ಕೋಟಿ ಡಾಲರ್ ತೆಗೆದಿಟ್ಟರು. ಮುಷ್ಕರ ಮುಗಿದ ಮರುದಿನವೇ ಶಾಲೆಯಲ್ಲಿ ನರ್ಸ್ ಕಾಣಲಿಲ್ಲ ಅಂತ ಬೈದವರು ತಾರೀಕು ಓದಿರಲಿಲ್ಲ. 2025ರಲ್ಲಿ ಎಲಿಮೆಂಟರಿ ಟೀಚರ್‌ಗಳಿಗೆ ಸಿಕ್ಕದ್ದು ದಿನಕ್ಕೆ 10 ನಿಮಿಷ ಹೆಚ್ಚು ತಯಾರಿ ಸಮಯ. ಹತ್ತು ನಿಮಿಷಕ್ಕೆ ಇಷ್ಟು ಗಲಾಟೆಯಾ ಅನ್ನುವವರು ಒಂದು ದಿನ ಮೂವತ್ತು ಮಕ್ಕಳ ಕ್ಲಾಸಿನಲ್ಲಿ ನಿಂತು ನೋಡಲಿ.

ಗೆರೆ ದಾಟಿತು, ಶಾಲೆ ನಿಂತಿತು

2012ರಲ್ಲಿ 144 ಶಾಲೆಗಳನ್ನು ಅರ್ಧ ದಿನ ತೆರೆದಿಟ್ಟಿದ್ದರು. 2019ರಲ್ಲಿ ಕಟ್ಟಡಗಳು ತೆರೆದಿದ್ದವು, ಊಟ ಇತ್ತು, ಪ್ರಿನ್ಸಿಪಾಲರು ಮತ್ತು ಮುಷ್ಕರಕ್ಕೆ ಸೇರದ ಸಿಬ್ಬಂದಿ ಮಕ್ಕಳನ್ನು ನೋಡಿಕೊಂಡರು. ಪಾಠ ಇಲ್ಲ, ಬಸ್ ಇಲ್ಲ, ಆಟದ ತರಬೇತಿ ಇಲ್ಲ. ಆ ಸಲ ಸ್ಪೆಷಲ್ ಎಜುಕೇಷನ್ ಸಹಾಯಕರು, ಬಸ್ ಸಹಾಯಕರು, ಸೆಕ್ಯೂರಿಟಿಯವರ ಯೂನಿಯನ್ ಎಸ್‌ಇಐಯು ಲೋಕಲ್ 73 ಕೂಡ ಅದೇ ದಿನ ಮುಷ್ಕರಕ್ಕಿಳಿದಿತ್ತು. ಹಾಗಾಗಿ ಟೀಚರ್‌ಗಳ ಸುದ್ದಿ ಮಾತ್ರ ನೋಡಿದರೆ ಸಾಲದು, ಇವರ ಒಪ್ಪಂದ ಎಲ್ಲಿಗೆ ಬಂತು ಅಂತಲೂ ನೋಡಿ.

ನಿಮ್ಮ ಮಗುವಿಗೆ ಐಇಪಿ (ವಿಶೇಷ ಅಗತ್ಯದ ಮಗುವಿಗೆ ಶಾಲೆ ಬರೆದುಕೊಡುವ ಕಲಿಕೆಯ ಯೋಜನೆ) ಇದ್ದರೆ, ಸೇವೆ ಕೊಡುವವರೇ ಹೊರಗಿರುತ್ತಾರೆ. ತಪ್ಪಿಹೋದ ಪ್ರತಿ ಥೆರಪಿ ದಿನವನ್ನು ತಾರೀಕು ಸಮೇತ ಬರೆದಿಡಿ, ಶಾಲೆ ಶುರುವಾದ ಮೇಲೆ ಅದನ್ನು ಹೇಗೆ ತುಂಬಿಕೊಡುತ್ತೀರಿ ಅಂತ ಇಮೇಲಿನಲ್ಲಿ ಕೇಳಿ. ಬಾಯಿಮಾತು ಬೇಡ. ಶಾಲೆಯಲ್ಲಿ ಔಷಧಿ ಇಟ್ಟಿದ್ದರೆ ಮುಷ್ಕರದ ಹಿಂದಿನ ದಿನವೇ ಮನೆಗೆ ತನ್ನಿ.

ಮಗುವನ್ನು ತೆರೆದ ಶಾಲೆಗೆ ಕಳಿಸುವುದಾ ಬೇಡವಾ? ಇಲ್ಲಿ ನಾನು ತೀರ್ಪು ಕೊಡುವುದಿಲ್ಲ. ಬಾಗಿಲಲ್ಲಿ ನಿಮ್ಮ ಮಗುವಿನ ಟೀಚರೇ ಘೋಷಣೆಯ ಫಲಕ ಹಿಡಿದು ನಿಂತಿರುತ್ತಾರೆ, ಅವರನ್ನು ದಾಟಿ ಹೋಗುವುದು ಕೆಲವರಿಗೆ ಆಗುವುದಿಲ್ಲ. ಗಂಟೆ ಲೆಕ್ಕದ ಕೆಲಸ ಮಾಡುವವರಿಗೆ ಬೇರೆ ದಾರಿ ಇರುವುದಿಲ್ಲ. ನಾವು ಮೂರು ಮನೆಯವರು ಸರದಿ ಹಾಕಿಕೊಂಡೆವು, ಒಬ್ಬೊಬ್ಬರು ಒಂದೊಂದು ದಿನ ರಜೆ ಹಾಕಿ ಎಲ್ಲ ಮಕ್ಕಳನ್ನೂ ನೋಡಿಕೊಂಡೆವು. ಆ ಸರದಿಯ ಪಟ್ಟಿಯನ್ನು ನೋಟಿಸ್ ಬಂದ ದಿನವೇ ಮಾಡಿ. ಮುಷ್ಕರ ಶುರುವಾದ ಮೇಲೆ ಯಾರೂ ಸಿಗುವುದಿಲ್ಲ.

ಮಾತಾಡಬೇಕು ಅನಿಸಿದರೆ

ವೀಸಾದಲ್ಲಿ ಇರುವವರು, ಗ್ರೀನ್ ಕಾರ್ಡಿನವರು "ನಮಗೆ ಓಟಿಲ್ಲ ಬಿಡಿ" ಅಂತ ಕೈ ಚೆಲ್ಲುತ್ತಾರೆ. ಬೋರ್ಡ್ ಚುನಾವಣೆಗೆ ಓಟಿಲ್ಲ, ನಿಜ. ಆದರೆ 1988ರ ಕಾನೂನಿನಿಂದ ಬಂದ ಲೋಕಲ್ ಸ್ಕೂಲ್ ಕೌನ್ಸಿಲ್ ಚುನಾವಣೆಯಲ್ಲಿ ಅಪ್ಪ-ಅಮ್ಮಂದಿರು ಓಟು ಹಾಕಲು, ನಿಲ್ಲಲು ಪೌರತ್ವ ಬೇಕಿಲ್ಲ. ಒಪ್ಪಂದದ ಮೇಜಿಗೆ ಕೌನ್ಸಿಲ್ ಹೋಗುವುದಿಲ್ಲ. ಆದರೆ ಶಾಲೆಯ ಬಜೆಟ್ಟಿಗೆ ಒಪ್ಪಿಗೆ ಕೊಡುವುದು ಅದೇ. ಹೊಸ ಒಪ್ಪಂದದಿಂದ ನಿಮ್ಮ ಶಾಲೆಗೆ ಎಷ್ಟು ಹುದ್ದೆ ಬಂತು, ಎಷ್ಟು ಹೋಯಿತು ಅನ್ನುವುದು ಮೊದಲು ಕಾಣುವುದು ಅಲ್ಲೇ. ಬೋರ್ಡಿನ ಸಭೆಯಲ್ಲೂ ಹೆಸರು ಬರೆಸಿ ಮಾತಾಡಬಹುದು. ಅಲ್ಲಿ ಸಿಗುವುದು ಕೆಲವೇ ನಿಮಿಷ. "ಮಕ್ಕಳಿಗೆ ತೊಂದರೆ ಮಾಡಬೇಡಿ" ಅಂತ ಹೇಳಿ ಕೂರಬೇಡಿ, ಅದನ್ನು ಎಲ್ಲರೂ ಹೇಳುತ್ತಾರೆ. ನಿಮ್ಮ ಮಗುವಿನ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದಾರೆ, ಒಪ್ಪಂದದಲ್ಲಿ ಎಷ್ಟು ಅಂತ ಇದೆ, ಆ ಎರಡು ಅಂಕಿ ಹೇಳಿ.

ಮುಗಿಯಿತು ಅಂದರೆ ಮುಗಿದಿಲ್ಲ

ಟಿವಿಯಲ್ಲಿ "ಒಪ್ಪಂದವಾಯಿತು" ಅಂತ ಬಂದ ರಾತ್ರಿ ಟಿಫಿನ್ ಬಾಕ್ಸ್ ತೊಳೆದಿಡಬೇಡಿ. ಅದು ತಾತ್ಕಾಲಿಕ ಒಪ್ಪಂದ. ಯೂನಿಯನ್ನಿನ ಹೌಸ್ ಆಫ್ ಡೆಲಿಗೇಟ್ಸ್, ಅಂದರೆ ಶಾಲೆ ಶಾಲೆಯಿಂದ ಬಂದ ಪ್ರತಿನಿಧಿಗಳು, ಮುಷ್ಕರ ನಿಲ್ಲಿಸಲು ಒಪ್ಪಬೇಕು. 2012ರ ಸೆಪ್ಟೆಂಬರ್ 16ರ ಭಾನುವಾರ ಅವರು ಒಪ್ಪಲಿಲ್ಲ. ಓದದೆ ಒಪ್ಪುವುದು ಹೇಗೆ, ಓದಲು ಸಮಯ ಕೊಡಿ ಅಂದರು. ಎರಡು ದಿನ ಶಾಲೆ ಇನ್ನೂ ಮುಚ್ಚಿತ್ತು. ಊರೆಲ್ಲ ಬೈಯಿತು, ನನಗೆ ಮಾತ್ರ ಅದು ತುಂಬ ಸರಿ ಅನಿಸುತ್ತದೆ. 18ಕ್ಕೆ ಒಪ್ಪಿದರು, 19ಕ್ಕೆ ಮಕ್ಕಳು ವಾಪಸ್ ಬಂದರು.

2019ರಲ್ಲಿ ಉಲ್ಟಾ. ಅಕ್ಟೋಬರ್ 30ರ ರಾತ್ರಿ ಪ್ರತಿನಿಧಿಗಳು ಒಪ್ಪಿದರು, ಆದರೂ 31ಕ್ಕೆ ಶಾಲೆ ಇರಲಿಲ್ಲ. ಕಳೆದುಹೋದ ದಿನಗಳನ್ನು ತುಂಬಿಕೊಡಬೇಕು ಅಂತ ಯೂನಿಯನ್ ಪಟ್ಟು. ಮುಷ್ಕರದ ದಿನಕ್ಕೆ ಸಂಬಳ ಇಲ್ಲ, ತುಂಬಿಕೊಡುವ ದಿನಕ್ಕೆ ಇದೆ, ಅದೇ ಒಳಗುಟ್ಟು. ಮೇಯರ್ ಲೋರಿ ಲೈಟ್‌ಫುಟ್ ಕೊನೆಗೆ 11 ದಿನದಲ್ಲಿ 5 ದಿನ ಕೊಟ್ಟರು. ಆ ಐದು ಎಲ್ಲಿ ಬಿದ್ದವು ನೋಡಿ: ನವೆಂಬರ್ 27, ಅಂದರೆ ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ. ಜನವರಿ 2 ಮತ್ತು 3. ಜೂನ್ ಕೊನೆಗೆ ಎರಡು. ಚಳಿಗಾಲದ ರಜೆಗೆ ಬೆಂಗಳೂರಿಗೆ ಹೋಗಿ ಜನವರಿ 5ಕ್ಕೆ ಬರುವಂತೆ ಟಿಕೆಟ್ ಮಾಡಿಸಿದ್ದ ಮನೆಗಳೆಷ್ಟೋ.

ಈಗಿನ ಒಪ್ಪಂದ 2028ರ ಜೂನ್ 30ಕ್ಕೆ ಮುಗಿಯುತ್ತದೆ. ಆಗ 21 ಜನರೂ ಆಯ್ಕೆಯಾಗಿ ಬಂದ ಬೋರ್ಡ್ ಮೊದಲ ಸಲ ಈ ಮೇಜಿಗೆ ಕೂರುತ್ತದೆ. 2028ರ ಡಿಸೆಂಬರಿಗೆ ಊರಿಗೆ ಹೋಗುವ ಯೋಚನೆ ಇದ್ದರೆ, ತಾರೀಕು ಬದಲಿಸಲು ಆಗುವಂಥ ಟಿಕೆಟ್ಟನ್ನೇ ತೆಗೆದುಕೊಳ್ಳಿ.